ಎಡ ಮಗ್ಗುಲಿನ ಕಿಲ್ಟ್

ಹಿಮ ಬಿದ್ದಾಗ ಮಾತ್ರ ಗೌರವ ಸಿಗುತ್ತಿದ್ದ ಮನುಷ್ಯನೊಬ್ಬ ಸ್ಟ್ರಾಥ್‌ಕೆಲ್ಲಿಯಲ್ಲಿದ್ದ. ಹೆಸರು ಮರ್ಡೋ ಗಿಲ್ಲಿಸ್. ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುವ ಲಾರಿ ಓಡಿಸುವುದು ಅವನ ಉದ್ಯೋಗ. ರಸ್ತೆ ಹೆಪ್ಪುಗಟ್ಟಿದ ದಿನ ಚರ್ಚಿನ ಪಾದ್ರಿಯಮ್ಮನಿಂದ ಹಿಡಿದು ಕುರಿ ಕಾಯುವವರ ತನಕ ಎಲ್ಲರ ಬಾಯಲ್ಲೂ ‘ನಮ್ಮ ಮರ್ಡೋ’. ಹಿಮ ಕರಗಿತೋ, ಗೌರವವೂ ಅದರ ಜೊತೆಗೇ ಹರಿದು ಚರಂಡಿ ಸೇರುತ್ತಿತ್ತು. ಹೀಗಾಗಿ ಬೇಸಿಗೆಯಲ್ಲಿ ಅವನು ಲಾರಿಯ ಉಪ್ಪನ್ನೆಲ್ಲ ಮಾತಿಗೆ ಬಳಸುತ್ತಿದ್ದ. ಬೇಲಿಯಾಚೆ ಕಂಡ ಮೊಲ ಅಂಗಡಿ ತಲುಪುವಷ್ಟರಲ್ಲಿ ಜಿಂಕೆಯಾಗುತ್ತಿತ್ತು. ಸಂಜೆ ಪಬ್ಬಿನಲ್ಲಿ ಆ ಜಿಂಕೆಗೆ ಕೊಂಬು ಮೂಡುತ್ತಿತ್ತು.

ಆ ಕೊಂಬಿನ ಸುದ್ದಿ ಮನೆಗೆ ಬಂದ ದಿನ ಹೆಂಡತಿ ಇಶ್ಬೆಲ್ ಒಂದು ಮಾತು ಹೇಳಿಟ್ಟಿದ್ದಳು: “ಇನ್ನೊಂದು ಸುಳ್ಳು ಕೈಗೆ ಸಿಗ್ಲಿ ಮರ್ಡೋ, ನೀನು ಲಾರೀಲೇ ಮಲ್ಕೊಳ್ಳೋದು. ಉಪ್ಪಿನ ಜೊತೆ.” ಇಶ್ಬೆಲ್ ಹೇಳಿದ್ದನ್ನು ಮಾಡುವ ಪೈಕಿ. ಮರ್ಡೋ ಅಂದಿನಿಂದ ಬಾಯಿಗೆ ಕಡಿವಾಣ ಹಾಕಿಕೊಂಡಿದ್ದ.

ಮಗಳು ಕಿರ್ಸ್ಟಿಯ ಮದುವೆ ಗೊತ್ತಾಗಿ ಬೀಗರು ಚಹಾಕ್ಕೆ ಬಂದ ಮಧ್ಯಾಹ್ನ ಆ ಕಡಿವಾಣ ಕಳಚಿ ಬಿತ್ತು.

ಹುಡುಗನ ತಂದೆ ಆಕ್ಟರ್ಲೋನಿ ಬ್ಯಾಗ್‌ಪೈಪ್ ತಂಡದ ಮುಖ್ಯಸ್ಥನಾಗಿದ್ದು ನಿವೃತ್ತನಾದವನು. ಊದುವುದನ್ನು ಬಿಟ್ಟು ವರ್ಷಗಳಾದರೂ ಕೆನ್ನೆ ಇನ್ನೂ ಇಳಿದಿರಲಿಲ್ಲ. ಬಟ್ಟಲಿಗೆ ಚಹಾ ಮೊದಲು ಬಿತ್ತೋ ಹಾಲು ಮೊದಲು ಬಿತ್ತೋ ಎಂದು ಬೆಳಕಿಗೆ ಹಿಡಿದು ನೋಡುವಂಥ ಅನುಮಾನದ ಪ್ರಾಣಿ. ಬೆಣ್ಣೆ ಬಿಸ್ಕತ್ತನ್ನು ಮುರಿದು, ಮೂಸಿ, ಅರ್ಧವನ್ನು ವಾಪಸು ತಟ್ಟೆಗಿಟ್ಟು ಕೇಳಿದ:

“ಮದುವೆ ದಿನ ನೀವು ಹಾಕ್ಕೊಳ್ಳೋ ಕಿಲ್ಟು ಯಾರ ಕೈಹೊಲಿಗೆ? ಬಾಡಿಗೇದಲ್ಲ ತಾನೆ?”

ಕಿಲ್ಟೆಂದರೆ ಅಲ್ಲಿಯ ಗಂಡಸರು ಮದುವೆ-ಹಬ್ಬಗಳಿಗೆ ಸೊಂಟಕ್ಕೆ ಸುತ್ತಿಕೊಳ್ಳುವ, ಮೊಣಕಾಲುದ್ದದ ನೆರಿಗೆ ಉಡುಪು. ಮರ್ಡೋನದು ಬಾಡಿಗೆಯದೇ. ಇಶ್ಬೆಲ್ ಅದಕ್ಕೆ ಪಟ್ಟಣದಲ್ಲಿ ಹೇಳಿಟ್ಟೂ ಆಗಿತ್ತು. ಅವಳು ಆಗ ಅಡುಗೆಮನೆಯಲ್ಲಿ ಕೆಟಲಿಗೆ ನೀರು ತುಂಬುತ್ತಿದ್ದಳು. ನಲ್ಲಿಯ ಸದ್ದಿನ ಧೈರ್ಯದಲ್ಲಿ ಮರ್ಡೋ ಹೊಟ್ಟೆ ಕುಲುಕಿಸಿ ನಕ್ಕ.

“ಹೊರಗಡೆ ಹೊಲಿಸೋ ಪದ್ಧತಿನೇ ನಮ್ಮಲ್ಲಿಲ್ಲ ಬೀಗರೇ. ಗಿಲ್ಲಿಸ್ ಗಂಡಸರು ತಮ್ಮ ಕಿಲ್ಟು ತಾವೇ ಹೊಲ್ಕೋತಾರೆ. ತಲೆತಲಾಂತರದಿಂದ. ಅಲ್ನೋಡಿ, ನಮ್ಮಜ್ಜ.”

ಒಲೆಗೂಡಿನ ಮೇಲಿನ ಫೋಟೋದಲ್ಲಿ ಅಜ್ಜ ಕಿಲ್ಟ್ ತೊಟ್ಟು, ಅಂಚಿಗೊಂದು ದೊಡ್ಡ ಬೆಳ್ಳಿ ಪಿನ್ನು ಸಿಕ್ಕಿಸಿಕೊಂಡು ನಿಂತಿದ್ದ. ಆ ಕಿಲ್ಟೂ ಪಿನ್ನೂ ಫೋಟೋ ತೆಗೆದವನವು. ಚಿತ್ರ ಸೆರೆಯಾದ ಕೂಡಲೇ ಎರಡನ್ನೂ ಬಿಚ್ಚಿಸಿಕೊಂಡು ಸಾಲಿನಲ್ಲಿದ್ದ ಮುಂದಿನವನಿಗೆ ತೊಡಿಸಿದ್ದ. ಇದು ಗೊತ್ತಿದ್ದದ್ದು ಮರ್ಡೋ ಇಶ್ಬೆಲ್ ಇಬ್ಬರಿಗೇ.

“ನಮ್ಮಮ್ಮ ಸೈನ್ಯದ ಪಟಾಲಮ್ಮಿಗೆ ಕಿಲ್ಟ್ ಹೊಲೀತಿದ್ರು,” ಎಂದ ಆಕ್ಟರ್ಲೋನಿ, ತನ್ನ ಕಿಲ್ಟಿನ ನೆರಿಗೆ ನೀವಿಕೊಳ್ಳುತ್ತ. “ಇದು ಅವರ ಕೈದೇ. ಹೊಲಿಗೆ ನೋಡಿ ಮನುಷ್ಯನ ಜಾತಕ ಹೇಳ್ತೀನಿ ನಾನು. ಮದುವೆಗೆ ಮುಂಚೆ ನಿಮ್ಮ ಕಿಲ್ಟ್ ಒಳಗೇನಿದೆ ಅಂತ ಒಂದ್ಸಲ ನೋಡ್ತೀನಿ.”

“ಒಳಗೆ?”

“ನೀವು ಅದನ್ನ ಹಾಕ್ಕೊಳ್ಳೋಕೆ ಮುಂಚೆ.”

ಬೀಗರು ಹೋದ ಮೇಲೆ ಕಿರ್ಸ್ಟಿ ಅಪ್ಪನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡಳು. “ಅಪ್ಪಾ, ಆ ಮನೇಲಿ ನಾನು ಜನ್ಮ ಕಳೀಬೇಕು. ಇದು ಸುಳ್ಳು ಅಂತ ಗೊತ್ತಾದ್ರೆ ಪ್ರತಿ ಕ್ರಿಸ್‌ಮಸ್ಸಿಗೂ ಮಾವ ನಂಗೆ ಅದನ್ನೇ ಬಡಿಸ್ತಾರೆ. ಸುಳ್ಳು ಮಾಡ್ಬೇಡ ಅದನ್ನ.”

“ಸುಳ್ಳು ಮಾಡಲ್ಲ ಕಣೇ,” ಎಂದ ಮರ್ಡೋ. “ಹೊಲೀತೀನಿ.”

“ನೀನು?”

“ಒಬ್ಬ ಹೊಲಿದ್ರೆ ಸಾಕು. ಅಲ್ಲಿಂದ ತಲೆತಲಾಂತರ ಶುರು.”

*

ಅವನು ಪಕ್ಕದ ಕಣಿವೆಯ ಗಿರಣಿಗೆ ಹೋಗಿ ಹಸಿರು-ನೀಲಿ ಚೌಕಳಿಯ ಉಣ್ಣೆ ಬಟ್ಟೆ ಕೇಳಿದ. ಅಲ್ಲಿಯವನು ಎಂಟು ಗಜ ಅಳೆದು ಕತ್ತರಿ ಹಾಕಿದ.

“ನಾನು ಹೊಲೀತಿರೋದು ಕಿಲ್ಟು ಕಣಯ್ಯಾ, ಡೇರೆ ಅಲ್ಲ,” ಎಂದ ಮರ್ಡೋ.

“ಎಲ್ಲಾ ಹಿಂದಗಡೆ ನೆರಿಗೇಲಿ ಹೋಗ್ಬಿಡುತ್ತೆ. ನಿಂಗೆ ಹೊಲಿಯೋಕೆ ಬರುತ್ತೆ ತಾನೆ?” ಎಂದು ಕೇಳಿ ಗಿರಣಿಯವನು ಅವನ ಕೈಬೆರಳು ನೋಡಿದ. ಉತ್ತರಕ್ಕೆ ಕಾಯದೆ ಒಂದು ಪೊಟ್ಟಣ ಸೂಜಿ ಹೆಚ್ಚಿಗೆ ಹಾಕಿಕೊಟ್ಟ.

ಮನೆಯ ಹಿಂದಿನ ಶೆಡ್ಡು ಕಾರ್ಖಾನೆಯಾಯಿತು. ಹೆಂಡತಿಗೆ ಹೇಳಿದ್ದು, ಹುಲ್ಲು ಕತ್ತರಿಸುವ ಯಂತ್ರದ ರಿಪೇರಿ ಎಂದು. ಕಿಲ್ಟಿನ ನೆರಿಗೆ ಸುಮ್ಮನೆ ಮಡಿಚಿದರೆ ಆಗುವಂಥದ್ದಲ್ಲ. ಒಂದರ ಮೇಲೊಂದು ಕೂತ ಮೇಲೂ ಬಟ್ಟೆಯ ಚೌಕಳಿ ಎಲ್ಲೂ ಮುರಿಯದೆ, ಮಡಿಕೆಯೇ ಇಲ್ಲವೇನೋ ಎಂಬಂತೆ ಸಾಗಬೇಕು. ಮರ್ಡೋ ಒಂದು ನೆರಿಗೆ ಹಿಡಿದರೆ ಹಿಂದಿನದು ಬಾಯಿ ಬಿಡುತ್ತಿತ್ತು. ಹಿಂದಿನದನ್ನು ಮೊಣಕೈಯಲ್ಲಿ ಅದುಮಿದರೆ ಮುಂದಿನದು ಜಾರುತ್ತಿತ್ತು. ಬಟ್ಟೆ ಒಣಹಾಕುವ ಕ್ಲಿಪ್ಪುಗಳೆಲ್ಲ ಹಗ್ಗದಿಂದ ಮಾಯವಾಗಿ ಶೆಡ್ಡು ಸೇರಿದವು. ಸೂಜಿ ಅಷ್ಟು ಪದರ ದಾಟುವುದಿಲ್ಲವೆಂದು ಹಟ ಹಿಡಿದಾಗ ಲಾರಿಯ ಇಕ್ಕಳದಲ್ಲಿ ಹಿಡಿದೆಳೆದ. ದಾರಕ್ಕೆ ಜೇನುಮೇಣ ಬಳಿದ, ಬೆರಳಿಗೆ ಪಟ್ಟಿ ಸುತ್ತಿದ, ಆ ಪಟ್ಟಿಯನ್ನೂ ಸೇರಿಸಿ ಒಮ್ಮೆ ಹೊಲಿದ.

ಇನ್ನು ಮುಂಭಾಗದ ಮೇಲುಪದರ. ಅದರ ಅಂಚು ಯಾವ ಕಡೆಗೆ ಬರಬೇಕು? ಸಂಶಯ ಬಂದಾಗ ಹಿರಿಯರನ್ನು ಕೇಳಬೇಕಲ್ಲ, ಅಜ್ಜನ ಫೋಟೋ ನೋಡಿ ಬಂದ. ಅಂಚೂ ಪಿನ್ನೂ ಚಿತ್ರದ ಎಡಗಡೆ. ಶೆಡ್ಡಿನ ಹಳೆಯ ಬೀರುವಿನ ಕನ್ನಡಿಯ ಮುಂದೆ ಬಟ್ಟೆ ಸುತ್ತಿಕೊಂಡು ನಿಂತು, ಕನ್ನಡಿಯ ಎಡಗಡೆಗೇ ಅಂಚು ಬರುವಂತೆ ಗುರುತು ಹಾಕಿದ. ಫೋಟೋದ ಎಡಗಡೆ ಎಂದರೆ ನಮ್ಮತ್ತ ಮುಖ ಮಾಡಿ ನಿಂತ ಅಜ್ಜನ ಬಲತೊಡೆ. ಕನ್ನಡಿಯ ಎಡಗಡೆ ಎಂದರೆ ಮರ್ಡೋನ ಎಡತೊಡೆಯೇ. ಈ ವ್ಯತ್ಯಾಸ ತಿಳಿಯುವುದಕ್ಕೆ ದೊಡ್ಡ ತಲೆ ಬೇಕಿಲ್ಲ, ಆದರೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರಬಾರದು.

ಬೇಲಿಯಾಚೆ ಎಫಿ ಎಂಬ ನೆರೆಯವಳಿದ್ದಳು. ಒಂದು ದಿನ ಅವಳು ಇಶ್ಬೆಲಳನ್ನು ಕೂಗಿ ಕರೆದಳು.

“ಅಲ್ವೇ ಇಶ್ಬೆಲ್, ಹುಲ್ಲು ಕತ್ತರಿಸೋ ಮಿಶನ್ನಿಗೆ ಇಸ್ತ್ರಿಪೆಟ್ಟಿಗೆ ಯಾಕೆ ಬೇಕು?”

“ಯಾಕಂತೆ?”

“ನಾನು ಕೇಳ್ತಿರೋದು. ಶೆಡ್ಡಿನ ಕಿಟಕೀಲಿ ಹಬೆ ಬರ್ತಿತ್ತು. ನಾನೇನು ಬಗ್ಗಿ ನೋಡ್ಲಿಲ್ಲ. ಕುರ್ಚಿ ಹಾಕ್ಕೊಂಡು ನೋಡ್ದೆ.”

*

ಮರ್ಡೋ ಬಕಲ್ ತರಲು ಪೇಟೆಗೆ ಹೋದ ಹೊತ್ತು ನೋಡಿ ಇಶ್ಬೆಲ್ ಶೆಡ್ಡಿಗೆ ನುಗ್ಗಿದಳು. ಹುಲ್ಲಿನ ಯಂತ್ರ ಮೂಲೆಯಲ್ಲಿ ಜೇಡರ ಬಲೆ ಹೊದ್ದು ಮಲಗಿತ್ತು. ಬೆಂಚಿನ ಮೇಲಿತ್ತು ಆ ವಸ್ತು.

ಸ್ಟ್ರಾಥ್‌ಕೆಲ್ಲಿಯ ಹಾಲುಗಲ್ಲದ ಮಗುವಿಗೂ ಗೊತ್ತು: ಗಂಡಸಿನ ಕಿಲ್ಟಿನ ಅಂಚು ಬಲತೊಡೆಯ ಮೇಲೆ, ಹೆಂಗಸಿನ ಲಂಗದ ಅಂಚು ಎಡತೊಡೆಯ ಮೇಲೆ. ಇಶ್ಬೆಲ್ ಎರಡೆರಡು ಸಲ ತಿರುಗಿಸಿ ನೋಡಿದಳು. ಎಡ. ಅಂದರೆ ಲಂಗ. ತನ್ನ ಅಂಗಿಯ ಗುಂಡಿ ಹಾಕಲೂ ಬಾರದ ಗಂಡ ಯಾವಳಿಗೋ ಲಂಗ ಹೊಲಿಯುತ್ತಿದ್ದಾನೆ, ಅದೂ ರಕ್ತ ಸುರಿಸಿ.

ಯಾವಳೋ ಅವಳು ಸಣ್ಣ ಹೆಂಗಸಂತೂ ಅಲ್ಲ. ಇಶ್ಬೆಲ್ ಅಲ್ಲಿದ್ದ ಆಲೂಗಡ್ಡೆ ಚೀಲವನ್ನು ನಿಲ್ಲಿಸಿ ಅದಕ್ಕೆ ಲಂಗ ಉಡಿಸಿದಳು. ಚೀಲ ಸಾಲದೆ ಮೇಲಿನಿಂದ ಒಂದಿಷ್ಟು ಟರ್ನಿಪ್ ಗಡ್ಡೆ ತುರುಕಿದಳು. ಲಂಗ ಬಿಗಿಯಾಗಿ ಕೂತಿತು. ಆಮೇಲೆ ಎರಡು ಕೈಯಲ್ಲಿ ಚೀಲವನ್ನು ಬಳಸಿ ಅಪ್ಪಿದಳು. ಆಚೆ ಬದಿಯಲ್ಲಿ ಎರಡು ನಡುಬೆರಳಿನ ತುದಿಗಳು ಸರಿಯಾಗಿ ಮುಟ್ಟಿದವು, ಕೂದಲೆಳೆಯಷ್ಟೂ ಹೆಚ್ಚಿಲ್ಲ ಕಡಿಮೆಯಿಲ್ಲ.

ಎಫಿಗೆ ಹೇಳುವಂತಿರಲಿಲ್ಲ, ಎಫಿಗೆ ಹೇಳುವುದೂ ಚರ್ಚಿನ ಗಂಟೆ ಬಾರಿಸುವುದೂ ಒಂದೇ. ಇಶ್ಬೆಲ್ ಒಬ್ಬಳೇ ಪತ್ತೇದಾರಿಕೆಗೆ ಇಳಿದಳು. ಯಾವ ಹೆಂಗಸನ್ನು ತಬ್ಬಿದಾಗ ಬೆರಳಿಗೆ ಬೆರಳು ಮುಟ್ಟುವುದೋ ಅವಳೇ ಕಳ್ಳಿ.

ಇಲ್ಲಿ ಒಂದು ಸಂಗತಿ ಮರೆಯಬಾರದು. ಸ್ಟ್ರಾಥ್‌ಕೆಲ್ಲಿಯಲ್ಲಿ ಯಾರೂ ಯಾರನ್ನೂ ತಬ್ಬಿಕೊಳ್ಳುವುದಿಲ್ಲ. ಮಗ ಯುದ್ಧ ಮುಗಿಸಿ ಬಂದರೂ ತಾಯಿ ಕೈಕುಲುಕಿ “ಕಾಲೊರೆಸ್ಕೊಂಡು ಒಳಗೆ ಬಾ” ಅನ್ನುವ ಊರು ಅದು. ಅಂಥ ಊರಿನಲ್ಲಿ ಅತ್ಯಂತ ಬಿಗಿಯ ಹೆಂಗಸೆಂದು ಹೆಸರಾದ ಇಶ್ಬೆಲ್, ಬೇಕರಿಯಲ್ಲಿ ಸೆಂಗಾ ಎಂಬವಳು ರೊಟ್ಟಿ ಕೊಡಲು ಕೈಚಾಚಿದಾಗ ಗಲ್ಲಾಪೆಟ್ಟಿಗೆ ಸುತ್ತಿಕೊಂಡು ಹೋಗಿ ಅವಳನ್ನು ತಬ್ಬಿಬಿಟ್ಟಳು. ಬೆರಳುಗಳ ನಡುವೆ ಗೇಣು ಉಳಿಯಿತು. “ನೀನಲ್ಲ,” ಎಂದು ನಿಟ್ಟುಸಿರಿಟ್ಟು ರೊಟ್ಟಿ ಬಿಟ್ಟು ಹೊರಟುಹೋದಳು. ಅಂಚೆ ಕಚೇರಿಯ ವಿಲ್ಮಾಳಲ್ಲಿ ಬೆರಳುಗಳು ಒಂದರ ಮೇಲೊಂದು ಹತ್ತಿದವು. ಅವಳ ದಪ್ಪವೆಲ್ಲ ಸ್ವೆಟರಿನದು.

ಭಾನುವಾರ ಚರ್ಚಿನ ಬಾಗಿಲಲ್ಲಿ ಪಾದ್ರಿಯಮ್ಮ ಊನಾ ಬೇಯ್ಲಿ ಎಲ್ಲರ ಕೈಕುಲುಕುತ್ತಿದ್ದರು. ತುಂಬಿದ ಮೈಯವರು. ಇಶ್ಬೆಲ್ ಕೈ ಕೊಡಲಿಲ್ಲ, ಎರಡೂ ತೋಳು ಕೊಟ್ಟಳು. ಬೆರಳುಗಳು ಇನ್ನೇನು ಮುಟ್ಟಬೇಕು, ಪಾದ್ರಿಯಮ್ಮ ಗಾಬರಿಯಿಂದ ಉಸಿರು ಒಳಗೆಳೆದುಕೊಂಡರು.

“ಉಸಿರು ಬಿಡಿ,” ಎಂದಳು ಇಶ್ಬೆಲ್ ಅವರ ಕಿವಿಯ ಹತ್ತಿರ.

“ಇಶ್ಬೆಲ್, ಎಲ್ಲಾ ಸರಿ ಇದ್ಯಾಮ್ಮ?”

“ಉಸಿರು ಬಿಟ್ರೆ ಗೊತ್ತಾಗುತ್ತೆ.”

ಪಾದ್ರಿಯಮ್ಮ ಬಿಡಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಇಶ್ಬೆಲ್ ತೋಳು ತೆಗೆದು ಅವರನ್ನು ಮೇಲಿಂದ ಕೆಳಗೆ ನೋಡಿದಳು. ತಪ್ಪಿಲ್ಲದವಳು ಉಸಿರು ಯಾಕೆ ಹಿಡಿಯಬೇಕು?

ಊರು ಆ ಸಂಜೆಯೇ ತೀರ್ಮಾನಕ್ಕೆ ಬಂತು. ತೀರ್ಪು ಓದಿದವಳು ಎಫಿ: “ಪಾಪ, ಇಶ್ಬೆಲ್ ಎಲ್ಲರಿಂದ್ಲೂ ಬೀಳ್ಕೊಳ್ತಿದಾಳೆ. ಡಾಕ್ಟ್ರು ಕೈಬಿಟ್ಟಿರ್ಬೇಕು. ಮಗಳ ಮದುವೆ ಅಂತ ಬಾಯಿ ಬಿಡ್ತಿಲ್ಲ.”

ಇಂಥದ್ದಕ್ಕೆ ಸ್ಟ್ರಾಥ್‌ಕೆಲ್ಲಿಯಲ್ಲಿ ಒಂದು ಕ್ರಮವಿದೆ. ಕಾಯಿಲೆಯ ಮನೆಗೆ ಸೂಪು ಕಳಿಸುತ್ತಾರೆ. ಸಾವಿನ ಮನೆಗೆ ಮಾಂಸದ ಪೈ, ಹಿಟ್ಟಿನ ಹೊದಿಕೆಯೊಳಗೆ ತುಂಬಿ ಬೇಯಿಸಿದ್ದು. ಇದರಲ್ಲಿ ಹಿಂದುಮುಂದಾದರೆ ಅಪಚಾರ. ಸೋಮವಾರದಿಂದ ಗಿಲ್ಲಿಸರ ಮನೆಗೆ ಸೂಪು ಹರಿಯತೊಡಗಿತು.

ಮರ್ಡೋ ಬೇಕರಿಗೆ ಹೋದಾಗ ಸೆಂಗಾ ಕಣ್ಣೊರೆಸಿಕೊಂಡಳು.

“ನಮಗೆಲ್ಲಾ ಗೊತ್ತಾಗಿದೆ ಮರ್ಡೋ. ನೀನು ಏನೂ ಹೇಳ್ಬೇಡ.”

ಮರ್ಡೋ ಗಲ್ಲಾಪೆಟ್ಟಿಗೆಯ ಮೇಲೆ ಬಗ್ಗಿದ. “ಇಶ್ಬೆಲ್‌ಗೆ ಗೊತ್ತಾ?”

“ಅವಳಿಗೆ ಗೊತ್ತಿಲ್ದೆ ಇರುತ್ತಾ? ಇನ್ನೆಷ್ಟು ದಿನ ಅಂತೆ?”

“ಮದುವೆ ಹೊತ್ತಿಗೆ ಮುಗಿಯುತ್ತೆ.”

“ಅಷ್ಟು ಬೇಗ?”

“ಬೇಗ ಏನು ಬಂತು ಸೆಂಗಾ, ಹಿಂದಗಡೆ ಪೂರ್ತಿ ಆಗ್ಹೋಗಿದೆ. ಮುಂದಗಡೆ ಒಂಚೂರು ಬಾಕಿ.”

ಸೆಂಗಾ ಗಲ್ಲಾಪೆಟ್ಟಿಗೆ ಹಿಡಿದುಕೊಂಡಳು. “ನೋವಿದ್ಯಾ?”

“ಇಲ್ದೆ ಏನು? ದಿನಾ ಚುಚ್ಚುತ್ತೆ.”

“ಯಾರು ಬರ್ತಾರೆ ಚುಚ್ಚೋಕೆ, ನರ್ಸಾ?”

“ನರ್ಸ್ ಯಾಕೆ? ನಾನೇ ಚುಚ್ಕೋತೀನಿ. ಶೆಡ್ಡಲ್ಲಿ.”

ಮರ್ಡೋ ಹೊರಟದ್ದೇ ಸೆಂಗಾ ಅಂಗಡಿಯ ಬಾಗಿಲು ಹಾಕಿ ಹೊರಬಿದ್ದಳು. ಗಂಡನಿಗೂ ಅಂಟಿಕೊಂಡಿದೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಸೇತುವೆ ದಾಟಿತು. ಸೂಪು ಇಮ್ಮಡಿಯಾಯಿತು.

ಊಟದ ಮೇಜಿನ ಮೇಲೆ ಪಾತ್ರೆಗಳ ಸಾಲು. ಇಶ್ಬೆಲ್ ಒಂದೊಂದನ್ನೇ ಚಮಚೆಯಲ್ಲಿ ರುಚಿ ನೋಡುತ್ತ ಗಂಡನ ಮುಖ ಗಮನಿಸುತ್ತಿದ್ದಳು. ಮೈಮೇಲೆ ತಪ್ಪಿಲ್ಲದಿದ್ದರೆ ಹೆಂಗಸರು ಹೀಗೆ ಸುಮ್ಮಸುಮ್ಮನೆ ಸೂಪು ಕಳಿಸುತ್ತಾರೆಯೇ? ಪಾದ್ರಿಯಮ್ಮನ ಪಾತ್ರೆಗೆ ಬಂದಾಗ ಅವಳ ಚಮಚೆ ನಿಂತಿತು.

“ಇದರಲ್ಲಿ ಉಪ್ಪು ಜಾಸ್ತಿ.”

“ಉಪ್ಪು ಒಳ್ಳೇದೇ ಅಲ್ವಾ,” ಎಂದ ಉಪ್ಪಿನ ಲಾರಿಯವನು.

“ಯಾರ ಉಪ್ಪು ಅನ್ನೋದು ಗೊತ್ತಾಗ್ಬೇಕು. ನನ್ ಹತ್ರ ಏನಾದ್ರೂ ಹೇಳೋದಿದ್ಯಾ ಮರ್ಡೋ?”

“ಇಲ್ಲಪ್ಪ. ನಿಂಗೆ?”

“ನಂಗೇನಿದೆ.”

ಇಬ್ಬರೂ ಸೂಪಿಗೆ ಮುಖವಿಟ್ಟರು. ಪಟ್ಟಿ ಸುತ್ತಿದ ಬೆರಳುಗಳನ್ನು ಅವನು ಮೇಜಿನ ಕೆಳಗೆ ಬಚ್ಚಿಟ್ಟ. ಅವಳು ನೋಡಿಯೂ ನೋಡದಂತೆ ಇದ್ದಳು.

*

ಮದುವೆಯ ಹಿಂದಿನ ದಿನ ಮಧ್ಯಾಹ್ನ ಮರ್ಡೋ ಕೊನೆಯ ಬಕಲ್ ಹೊಲಿದು, ಅಂಚಿಗೆ ಪಿನ್ನು ಸಿಕ್ಕಿಸಿ ದಾರ ಕಡಿದ. ಅದೇ ಹೊತ್ತಿಗೆ ಮುಂದಿನ ಕೋಣೆಗೆ ಇಬ್ಬರು ಅತಿಥಿಗಳು ಬಂದು ಕೂತರು. ಪಾದ್ರಿಯಮ್ಮ, ಇನ್ನೊಂದು ಪಾತ್ರೆ ಸೂಪಿನೊಂದಿಗೆ. ಆಕ್ಟರ್ಲೋನಿ, ಬೀಗಿತ್ತಿ ಸಾಯುತ್ತಿದ್ದಾಳೆಂಬ ಸುದ್ದಿ ಎಷ್ಟು ನಿಜ, ಮದುವೆ ಮುಂದೂಡಬೇಕೋ ಹೇಗೆ ಎಂದು ಕಣ್ಣಾರೆ ನೋಡಿ ಹೋಗಲು. ಕಿರ್ಸ್ಟಿ ಅವರಿಗೆ ಬಿಸ್ಕತ್ತು ಕೊಡುತ್ತಿದ್ದಳು. ಮರ್ಡೋ ಚಹಾ ಮಾಡಲು ಅಡುಗೆಮನೆಗೆ ಬಂದ. ಆ ಸಂದಿಯಲ್ಲಿ ಇಶ್ಬೆಲ್ ಶೆಡ್ಡಿಗೆ ಹೋಗಿ ಬಂದು, ತಂದದ್ದನ್ನು ಪಾದ್ರಿಯಮ್ಮನ ಮಡಿಲಿಗೆ ಎಸೆದಳು.

“ತಗೊಳ್ಳಿ. ನಿಮ್ಮ ಲಂಗ ಆಗಿದೆ.”

ಬೇಲಿಯಾಚೆ ಎಫಿ ಕುರ್ಚಿ ಹತ್ತಿ ನಿಂತಿದ್ದಳು. ಅವಳಿಗೆ ಎಲ್ಲವೂ ಕಾಣುತ್ತಿತ್ತು, ಕಿಟಕಿಯ ಗಾಜು ಮುಚ್ಚಿದ್ದರಿಂದ ಒಂದೂ ಕೇಳುತ್ತಿರಲಿಲ್ಲ. ಊರಿನ ಅರ್ಧ ಇತಿಹಾಸ ಹುಟ್ಟಿದ್ದು ಈ ಬಗೆಯಲ್ಲೇ.

ಪಾದ್ರಿಯಮ್ಮನ ಕಣ್ಣು ತುಂಬಿತು. “ನಿನ್ನ ನೆನಪಿಗೆ ಇಟ್ಕೋತೀನಿ ಇಶ್ಬೆಲ್. ಹೋಗೋ ಮುಂಚೆ ಮನಸ್ಸಲ್ಲಿರೋದನ್ನೆಲ್ಲ ಹೇಳ್ಕೊಂಬಿಡು.”

“ಹೋಗೋದಾ? ಎಲ್ಲಿಗೆ?”

“ಊರಿಗೆಲ್ಲಾ ಗೊತ್ತಮ್ಮ. ನೀನು ಎಲ್ಲರನ್ನೂ ತಬ್ಬಿ...”

“ನಾನೆಲ್ಲಿಗೂ ಹೋಗಲ್ಲ. ಹೋಗೋದು ಇವನು. ಈ ಲಂಗ ಯಾರಿಗೆ ಹೊಲ್ದೆ ಅಂತ ಹೇಳಿ ಹೋಗ್ಲಿ.”

ಚಹಾದ ಕೆಟಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಮರ್ಡೋನಿಗೆ ಜೀವನದಲ್ಲಿ ಮೊದಲ ಸಲ ಉಪ್ಪು ಹಾಕಲು ಒಂದು ಮಾತೂ ಸಿಗಲಿಲ್ಲ.

“ನಂದು,” ಎಂದ.

“ಏನು ನಿಂದು?”

“ಕಿಲ್ಟು. ನಂಗೇ ಹೊಲ್ಕೊಂಡಿದ್ದು.”

“ಎಡಕ್ಕಿದೆ,” ಎಂದ ಆಕ್ಟರ್ಲೋನಿ, ಬಟ್ಟಲು ಕೆಳಗಿಟ್ಟು.

“ಎಲ್ಲಿ ಎಡಕ್ಕಿದೆ? ಕನ್ನಡೀಲಿ ಸರಿಯಾಗೇ ಇತ್ತು.”

ಇಶ್ಬೆಲ್ ಅದನ್ನು ಪಾದ್ರಿಯಮ್ಮನ ಮಡಿಲಿಂದ ಎತ್ತಿ ಗಂಡನ ಹೆಗಲಿಗೆ ಹಾಕಿದಳು. ಆಮೇಲೆ, “ಹಾಕ್ಕೋ,” ಎಂದಳು. ಅವನು ಪ್ಯಾಂಟಿನ ಮೇಲೇ ಸುತ್ತಿಕೊಂಡ. ಆಲೂಗಡ್ಡೆಗೂ ಟರ್ನಿಪ್ಪಿಗೂ ಎಷ್ಟು ಬಿಗಿಯಾಗಿ ಕೂತಿತ್ತೋ ಅಷ್ಟೇ ಬಿಗಿಯಾಗಿ ಮರ್ಡೋನಿಗೂ ಕೂತಿತು.

ಆಕ್ಟರ್ಲೋನಿ ಮಂಡಿಯೂರಿ ಕಿಲ್ಟಿನ ಅಂಚು ಮಗುಚಿ ಹೊಲಿಗೆ ಹಿಡಿದು ನೋಡಿದ.

“ಕುಡಿದ ಕೋಳಿ ನಡೆದ ಹಾಗಿದೆ. ಇಲ್ಲಿ ರಕ್ತ. ಇಲ್ಲೂ ರಕ್ತ. ಇದೇನು, ಪಟ್ಟಿ ಚೂರಾ? ದುಡ್ಡು ತಗೊಂಡು ಇಷ್ಟು ಕೆಟ್ಟದಾಗಿ ಹೊಲಿಯೋ ಧೈರ್ಯ ಯಾವ ಅಂಗಡಿಯೋನಿಗೂ ಇಲ್ಲ. ನೀವೇ ಹೊಲ್ದಿದ್ದು, ಒಪ್ಕೊಂಡೆ.” ಅವನು ಎದ್ದು ಕೆನ್ನೆ ಊದಿಸಿದ. “ಆದ್ರೆ ಬೀಗರೇ, ತಲೆತಲಾಂತರದಿಂದ ಹೊಲ್ಕೊಂಡು ಬಂದಿರೋ ಮನೇಲಿ ಎಡ ಯಾವುದು ಬಲ ಯಾವುದು ಗೊತ್ತಿರಲ್ವಾ?”

ತಲೆತಲಾಂತರ. ಆ ಪದ ಇಶ್ಬೆಲ್ ಕಿವಿಗೆ ಬಿದ್ದದ್ದು ಆಗಲೇ. ಗಂಡ ಮತ್ತೊಂದು ಸುಳ್ಳು ಹೇಳಿದ್ದಾನೆ, ಲಾರಿಯಲ್ಲಿ ಮಲಗುವಷ್ಟು ದೊಡ್ಡದು. ಅವಳು ಅವನ ಕಡೆ ತಿರುಗಿದಳು. ಅವನು ಒಪ್ಪಿಕೊಳ್ಳಲು ಬಾಯಿ ತೆರೆಯುತ್ತಿದ್ದ. ಹತ್ತು ಬೆರಳಿಗೆ ಹತ್ತು ಪಟ್ಟಿ. ಅವನ ಹಿಂದೆ ಬಿಸ್ಕತ್ತಿನ ತಟ್ಟೆ ಹಿಡಿದ ಕಿರ್ಸ್ಟಿಯ ಮುಖ ಹಾಲಿನಷ್ಟು ಬೆಳ್ಳಗಾಗಿತ್ತು.

“ಗಿಲ್ಲಿಸರದ್ದು ಎಡಕ್ಕೇ ಬೀಗರೇ,” ಎಂದಳು ಇಶ್ಬೆಲ್. “ಇವರಜ್ಜನ ಕಾಲದಿಂದ. ನಂಬಿಕೆ ಇಲ್ದಿದ್ರೆ ನೋಡ್ಕೊಳ್ಳಿ. ಮರ್ಡೋ, ಅಜ್ಜನ ಮುಂದೆ ನಿಂತ್ಕೋ. ಆ ಕಡೆ ಮುಖ ಮಾಡಿ.”

ಮರ್ಡೋ ಫೋಟೋದ ಕಡೆ ಮುಖ ಮಾಡಿ ನಿಂತ. ಆಕ್ಟರ್ಲೋನಿ ಅವನ ಬೆನ್ನಹಿಂದೆ ನಿಂತು ಭುಜದ ಮೇಲಿಂದ ಬಗ್ಗಿ ನೋಡಿದ. ಫೋಟೋದಲ್ಲಿ ಪಿನ್ನು ಎಡಗಡೆ. ಮರ್ಡೋನ ಪಿನ್ನು ಎಡಗಡೆ. ಅನುಮಾನ ಅಷ್ಟಕ್ಕೆ ತೀರದೆ ತನ್ನ ಕಿಲ್ಟನ್ನೂ ನೋಡಿಕೊಂಡ. ಬಲಗಡೆ.

ಮತ್ತೆ ಫೋಟೋ. ಮತ್ತೆ ಮರ್ಡೋ. ಮತ್ತೆ ತನ್ನದು.

“ನಮ್ಮಮ್ಮ...” ಎಂದು ಶುರು ಮಾಡಿ ಆಕ್ಟರ್ಲೋನಿ ಅಲ್ಲೇ ನಿಲ್ಲಿಸಿದ. ಊದಿದ ಕೆನ್ನೆ 'ಸುಯ್' ಎಂದು ಇಳಿಯಿತು. ಇಡೀ ಪಟಾಲಮ್ಮಿಗೆ ಹೊಲಿದ ತಾಯಿಯ ಮೇಲೆ ಈ ವಯಸ್ಸಿನಲ್ಲಿ ಅನುಮಾನ ಬಂದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಅವನು ತನ್ನ ಪಿನ್ನನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಯಾರ ಕಣ್ಣನ್ನೂ ನೋಡದೆ, ಚರ್ಚಿನಲ್ಲಿ ಸಿಗೋಣ ಎಂದಷ್ಟೇ ಹೇಳಿ ಗೋಡೆಯ ಪಕ್ಕಕ್ಕೇ ಸರಿಯುತ್ತ ಹೊರಟುಹೋದ. ಕಿರ್ಸ್ಟಿ ಮಾವನನ್ನು ಗೇಟಿನ ತನಕ ಬಿಡಲು ಓಡಿದಳು.

ಪಾದ್ರಿಯಮ್ಮ ಅಜ್ಜನನ್ನೂ ಮರ್ಡೋನನ್ನೂ ನೋಡಿ, ತಮ್ಮ ಎರಡು ಕೈಗಳನ್ನು ತಿರುಗಿಸಿ ಏನೋ ಲೆಕ್ಕ ಹಾಕಿ ಬಾಯಿ ತೆರೆದರು.

“ನಿಮ್ಮ ಸೂಪು ಬಿಸಿ ಮಾಡಿ ಬಡಿಸ್ಲಾ?” ಎಂದಳು ಇಶ್ಬೆಲ್.

ಪಾದ್ರಿಯಮ್ಮನಿಗೆ ಎಲ್ಲಿಗೋ ಹೋಗುವುದು ನೆನಪಾಯಿತು. ಇಶ್ಬೆಲ್ ಬೇಕೆಂದೇ ಮರ್ಡೋನನ್ನು ಹಾಗೆ ನಿಲ್ಲಿಸಿದಳೋ, ಬಾಯಿಗೆ ಬಂದದ್ದು ಅದೃಷ್ಟಕ್ಕೆ ಸರಿಹೋಯಿತೋ, ಪಾದ್ರಿಯಮ್ಮನಿಗೆ ಇಂದಿಗೂ ಬಗೆಹರಿದಿಲ್ಲ.

ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದರು.

“ಲಾರಿ ಬೀಗದ ಕೈ ಎಲ್ಲಿದೆ ಇಶ್ಬೆಲ್?” ಎಂದ ಮರ್ಡೋ ತಲೆತಗ್ಗಿಸಿ. “ದಿಂಬು ತಗೊಂಡು ಹೋಗ್ಲಾ?”

“ಕೈ ಎತ್ತು.”

“ಯಾಕೆ?”

“ಎತ್ತು ಅಂದ್ನಲ್ಲ. ಊರಲ್ಲಿರೋ ದಪ್ಪ ಹೆಂಗಸರನ್ನೆಲ್ಲಾ ಅಳೆದೆ. ಮನೇಲಿರೋನನ್ನ ಅಳೀಲಿಲ್ಲ.”

ಅವಳು ಎರಡು ತೋಳಿನಲ್ಲಿ ಅವನ ಸೊಂಟ ಬಳಸಿದಳು. ಆಚೆ ಬದಿಯಲ್ಲಿ, ಕೋಳಿ ನಡಿಗೆಯ ನೆರಿಗೆಗಳ ಮೇಲೆ, ನಡುಬೆರಳಿಗೆ ನಡುಬೆರಳು ಮುಟ್ಟಿತು. ಕೂದಲೆಳೆಯಷ್ಟೂ ಹೆಚ್ಚಿಲ್ಲ ಕಡಿಮೆಯಿಲ್ಲ.

ಮರ್ಡೋ ಕೈಯೆತ್ತಿಕೊಂಡೇ ಬಹಳ ಹೊತ್ತು ನಿಂತ. “ಅಳತೆ ಆಯ್ತಲ್ವಾ?”

“ಸುಮ್ನಿರು. ಉಸಿರು ಹಿಡ್ಕೊಂಡಿದೀಯ ಅಂತ ಅನುಮಾನ ಇದೆ ನಂಗೆ.”

ಬೇಲಿಯಾಚೆ ಎಫಿ ಕುರ್ಚಿಯ ಮೇಲೆ ಕಲ್ಲಾಗಿ ನಿಂತಿದ್ದಳು. ಮೊದಲು ಲಂಗದ ದಾನ. ಆಮೇಲೆ ಬೀಗರು ಮುಖ ಇಳಿಬಿಟ್ಟುಕೊಂಡು ಹೋದದ್ದು, ಹಿಂದೆಯೇ ಪಾದ್ರಿಯಮ್ಮ. ಈಗ ಸ್ಟ್ರಾಥ್‌ಕೆಲ್ಲಿಯ ಗಂಡ ಹೆಂಡತಿ, ಹಾಡಹಗಲು, ಪರದೆಯನ್ನೂ ಎಳೆಯದೆ ತಬ್ಬಿಕೊಂಡು ನಿಂತಿದ್ದಾರೆ, ಬಿಡುತ್ತಲೇ ಇಲ್ಲ. ಇದಕ್ಕೆ ಇರುವುದು ಒಂದೇ ಅರ್ಥ.

ಅವಳು ಮೆಲ್ಲಗೆ ಕುರ್ಚಿಯಿಂದಿಳಿದು ಒಳಗೆ ಹೋಗಿ, ಒಲೆಯ ಮೇಲೆ ಕುದಿಯುತ್ತಿದ್ದ ಸೂಪನ್ನು ಇಳಿಸಿ, ಕಣ್ಣೊರೆಸಿಕೊಂಡು, ಪೈಗೆ ಹಿಟ್ಟು ನಾದಲು ಕೂತಳು.